ಇಂಟರ್ನ್ ವರ್ಷದ ನಂತರ ಅಮೆರಿಕದ ರೆಸಿಡೆನ್ಸಿಯಲ್ಲಿ ವಿಭಾಗ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರದ ವಿಭಾಗವಾರು ತರಬೇತಿಗೆ ಸೇರಿ, ಮೊದಲ ವರ್ಷ ಕಳೆಯುವ ಹೊತ್ತಿಗೆ ತಾವು ಆರಿಸಿಕೊಂಡ ವಿಭಾಗ ತಮಗೆ ಒಗ್ಗುವುದಿಲ್ಲವೆಂದು ಅನ್ನಿಸತೊಡಗಿದ ವೈದ್ಯರಿಗಾಗಿ ಈ ಪ್ರಶ್ನೋತ್ತರವನ್ನು ಬರೆದಿದೆ. ಕರ್ನಾಟಕದ ಕಾಲೇಜುಗಳಲ್ಲಿ ಎಂಬಿಬಿಎಸ್ ಮುಗಿಸಿ ಹೋದವರಿಗೆ ತರಬೇತಿಯ ನಿಯಮಗಳ ಜೊತೆಗೆ ವೀಸಾದ ನಿಯಮಗಳೂ ತಳಕು ಹಾಕಿಕೊಳ್ಳುವುದರಿಂದ ಎರಡನ್ನೂ ಇಲ್ಲಿ ಒಟ್ಟಿಗೆ ಚರ್ಚಿಸಿದ್ದೇನೆ.

ಅಮೆರಿಕದ ‘ಇಂಟರ್ನ್ ವರ್ಷ’ ಎಂದರೆ ನಮ್ಮ ಹೌಸ್ ಸರ್ಜನ್ಸಿಯೇ?

ಅಲ್ಲ. ನಮ್ಮಲ್ಲಿ ನಾಲ್ಕೂವರೆ ವರ್ಷದ ಓದಿನ ನಂತರ ಬರುವ 12 ತಿಂಗಳ ಕಡ್ಡಾಯ ಇಂಟರ್ನ್‌ಶಿಪ್ ಎಂಬಿಬಿಎಸ್ ಪದವಿಯ ಭಾಗ. ಅದು ಮುಗಿಯದೆ ಪದವಿಯೇ ಕೈಗೆ ಬರುವುದಿಲ್ಲ. ಅಮೆರಿಕದಲ್ಲಿ ಇಂಟರ್ನ್ ಎಂದರೆ ಪದವಿ ಪಡೆದು ರೆಸಿಡೆನ್ಸಿಯ ಮೊದಲ ವರ್ಷದಲ್ಲಿರುವ, ಸಂಬಳ ಪಡೆಯುವ ವೈದ್ಯ. ಆ ವರ್ಷವನ್ನು ಅಲ್ಲಿ ಪಿಜಿವೈ-1 ಎನ್ನುತ್ತಾರೆ ಮತ್ತು ಅದು ಸಾಮಾನ್ಯವಾಗಿ ಜುಲೈ 1ಕ್ಕೆ ಶುರುವಾಗುತ್ತದೆ. ಊರಿನಿಂದ ಫೋನಿನಲ್ಲಿ ‘ಇನ್ನೂ ಇಂಟರ್ನ್ ತಾನೇ, ಈಗಲೇ ಬದಲಾಯಿಸಿಕೋ’ ಎನ್ನುವ ಹಿರಿಯರ ಮನಸ್ಸಿನಲ್ಲಿರುವುದು ಹೌಸ್ ಸರ್ಜನ್ಸಿಯ ಚಿತ್ರ. ಇಲ್ಲಿ ಬದಲಾಯಿಸಬೇಕಾಗಿರುವುದು ನಮ್ಮ ಲೆಕ್ಕದ ಪಿಜಿ ಸೀಟನ್ನು.

ಹಾಗಾದರೆ ಪಿಜಿ ಸೀಟು ಬಿಟ್ಟಷ್ಟೇ ಕಷ್ಟವೇ?

ಕಷ್ಟ ಹೌದು, ಆದರೆ ಅದರ ಬಗೆ ಬೇರೆ. ನಮ್ಮಲ್ಲಿ ಸೀಟು ಬಿಟ್ಟವರು ದಂಡ ಕಟ್ಟಿ, ನೀಟ್-ಪಿಜಿಯನ್ನು ಮತ್ತೆ ಬರೆದು, ಹೊಸ ರ‍್ಯಾಂಕಿನೊಂದಿಗೆ ಕೌನ್ಸೆಲಿಂಗ್‌ನಲ್ಲಿ ಕೂರಬೇಕು. ಅಮೆರಿಕದಲ್ಲಿ ದಂಡವೂ ಇಲ್ಲ, ಮರುಪರೀಕ್ಷೆಯೂ ಇಲ್ಲ, ವಿಭಾಗ ಬದಲಾಯಿಸುವವರು ಪ್ರತಿ ವರ್ಷವೂ ಇರುತ್ತಾರೆ. ಆದರೆ ರೆಸಿಡೆನ್ಸಿಗೆ ಕಾಲಿಟ್ಟ ದಿನವೇ ಎರಡು ಲೆಕ್ಕಗಳು ಶುರುವಾಗಿರುತ್ತವೆ: ಒಂದು ಸರ್ಕಾರ ನಿಮ್ಮ ತರಬೇತಿಗೆ ಆಸ್ಪತ್ರೆಗೆ ಕೊಡುವ ಹಣದ ಅವಧಿ, ಇನ್ನೊಂದು ವೀಸಾದ ಅವಧಿ. ವಿಭಾಗ ಬದಲಾಯಿಸಿದರೂ ಈ ಎರಡು ಲೆಕ್ಕಗಳು ಮೊದಲಿನಿಂದ ಶುರುವಾಗುವುದಿಲ್ಲ. ಬಹಳಷ್ಟು ಜನ ತಮ್ಮ ಅಂಕಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆಯೇ ಹೊರತು ಈ ಎರಡರ ಬಗ್ಗೆ ವಿಚಾರಿಸುವುದು ತೀರಾ ತಡವಾಗಿ.

ನನಗಿರುವುದು ಬರೀ ದಣಿವೋ ಅಥವಾ ವಿಭಾಗವೇ ತಪ್ಪೋ, ತಿಳಿಯುವುದು ಹೇಗೆ?

ವಾರಕ್ಕೆ 80 ಗಂಟೆಗಳ ಮಿತಿ 2003ರಿಂದ ಜಾರಿಯಲ್ಲಿದ್ದರೂ ಆ 80 ಗಂಟೆಗಳೇ ಯಾರನ್ನಾದರೂ ಹಣ್ಣು ಮಾಡಲು ಸಾಕು. ಡಿಸೆಂಬರ್-ಜನವರಿಯಲ್ಲಿ, ಹೊರಗೆ ನಾಲ್ಕೂವರೆಗೆಲ್ಲ ಕತ್ತಲಾಗುವ ಊರಿನಲ್ಲಿ, ರಾತ್ರಿ ಪಾಳಿಗಳ ನಡುವೆ ಯಾವ ವಿಭಾಗವೂ ಚೆಂದ ಕಾಣುವುದಿಲ್ಲ. ಆದ್ದರಿಂದ ಇಂಟರ್ನ್‌ನ ಕೆಲಸ ಇಷ್ಟವಾಗುತ್ತಿದೆಯೇ ಎಂದು ಕೇಳಿಕೊಳ್ಳುವುದು ತಪ್ಪು ಪ್ರಶ್ನೆ ಎಂದು ನನಗೆ ತೋರುತ್ತದೆ, ಏಕೆಂದರೆ ಆ ಕೆಲಸವನ್ನು ಜೀವನಪೂರ್ತಿ ಯಾರೂ ಮಾಡುವುದಿಲ್ಲ. ನಿಮ್ಮ ವಿಭಾಗದಲ್ಲಿ ಹತ್ತು ವರ್ಷಗಳಿಂದ ಇರುವ ಅಟೆಂಡಿಂಗ್, ಅಂದರೆ ತರಬೇತಿ ಮುಗಿಸಿದ ಹಿರಿಯ ವೈದ್ಯರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆಂಬುದನ್ನು ಗಮನಿಸಿ. ಆ ಕುರ್ಚಿಯಲ್ಲಿ ನಿಮ್ಮನ್ನು ಕಲ್ಪಿಸಿಕೊಂಡಾಗ ಮನಸ್ಸು ಹಿಂಜರಿದರೆ ಅದು ವಿಭಾಗದ ಪ್ರಶ್ನೆ. ಆ ಕುರ್ಚಿ ಇಷ್ಟವಾಗಿ, ಈಗಿನ ವಾರ್ಡು ಮಾತ್ರ ಸಹಿಸಲಾಗುತ್ತಿಲ್ಲವೆಂದರೆ ಅದು ದಣಿವು, ಇಲ್ಲವೇ ಆ ಆಸ್ಪತ್ರೆಯ ವಾತಾವರಣದ ದೋಷ. ಎರಡನೆಯದಾದರೆ ವಿಭಾಗವನ್ನು ಉಳಿಸಿಕೊಂಡು ಬೇರೆ ಆಸ್ಪತ್ರೆಯ ಅದೇ ವಿಭಾಗಕ್ಕೆ ವರ್ಗವಾಗುವ ದಾರಿಯೂ ಇದೆ ಮತ್ತು ಅದರಲ್ಲಿ ಕಳೆದುಕೊಳ್ಳುವುದು ಕಡಿಮೆ.

ಮ್ಯಾಚ್‌ನ ಒಪ್ಪಂದವನ್ನು ಮುರಿದಂತಾಗುವುದಿಲ್ಲವೇ?

ಅಭ್ಯರ್ಥಿಗಳನ್ನೂ ರೆಸಿಡೆನ್ಸಿ ಸ್ಥಾನಗಳನ್ನೂ ಪರಸ್ಪರ ಹೊಂದಿಸುವ ವಾರ್ಷಿಕ ವ್ಯವಸ್ಥೆಯೇ ಮ್ಯಾಚ್. ಅದರ ಫಲಿತಾಂಶ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ ಎಂಬುದು ನಿಜ. ಆದರೆ ಅದನ್ನು ನಡೆಸುವ ಎನ್‌ಆರ್‌ಎಂಪಿ ಸಂಸ್ಥೆಯ ನಿಯಮದ ಪ್ರಕಾರ, ಕರಾರಿನಲ್ಲಿ ನಮೂದಾದ ಆರಂಭದ ದಿನದಿಂದ ಮೊದಲ 45 ದಿನಗಳವರೆಗೆ ನೀವು ಆ ತರಬೇತಿಯಲ್ಲಿ ಮುಂದುವರಿದಿದ್ದರೆ ಮ್ಯಾಚ್‌ಗೆ ಕೊಟ್ಟ ಮಾತನ್ನು ಉಳಿಸಿಕೊಂಡಂತೆ. ಜುಲೈ 1ಕ್ಕೆ ಸೇರಿದವರಿಗೆ ಆಗಸ್ಟ್ ಮಧ್ಯಕ್ಕೆ ಈ ಕಟ್ಟು ಸಡಿಲವಾಗುತ್ತದೆ. ಅಲ್ಲಿಂದಾಚೆ ಉಳಿಯುವುದು ಆಸ್ಪತ್ರೆಯೊಂದಿಗಿನ ವಾರ್ಷಿಕ ಕರಾರು ಮಾತ್ರ, ಮತ್ತು ಇಡೀ ವರ್ಷವನ್ನು ಮುಗಿಸಿಯೇ ಹೊರಡುವವರಿಗೆ ಅದೂ ತೊಡಕಾಗುವುದಿಲ್ಲ.

ಒಂದು ಗುಂಪಿನವರು ಮಾತ್ರ ಎಚ್ಚರದಿಂದಿರಬೇಕು. ಮೊದಲ ವರ್ಷವನ್ನು ಪ್ರಿಲಿಮಿನರಿ (ಒಂದೇ ವರ್ಷದ ಸ್ಥಾನ) ಎಂದು ಒಂದು ಕಡೆ ಮಾಡಿ, ಎರಡನೆಯ ವರ್ಷದಿಂದ ರೇಡಿಯಾಲಜಿಗೋ ಅನಸ್ತೇಷಿಯಾಕ್ಕೋ ಇನ್ನೊಂದು ಕಡೆ ಸೇರುವಂತೆ ಮ್ಯಾಚ್ ಆದವರಿಗೆ ಆ ಎರಡನೆಯ ಸ್ಥಾನವೂ ಪ್ರತ್ಯೇಕ ಕಟ್ಟುಪಾಡಾಗಿರುತ್ತದೆ. ಅದು ಬೇಡವೆನಿಸಿದರೆ ಎನ್‌ಆರ್‌ಎಂಪಿಯಿಂದಲೇ ವಿನಾಯಿತಿ ಪಡೆಯಬೇಕು. ‘ಪರವಾಗಿಲ್ಲ, ಹೋಗಿ’ ಎಂದು ತರಬೇತಿಯ ಮುಖ್ಯಸ್ಥರಾದ ಪ್ರೋಗ್ರಾಂ ಡೈರೆಕ್ಟರ್ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಏಕೆಂದರೆ ಆ ಅಧಿಕಾರ ಅವರಿಗಿಲ್ಲ. ವಿನಾಯಿತಿಯಿಲ್ಲದೆ ಅದೇ ವರ್ಷಕ್ಕೆ ಬೇರೆ ಸ್ಥಾನ ಹುಡುಕಿದರೆ ಉಲ್ಲಂಘನೆಯಾಗುತ್ತದೆ ಮತ್ತು ಮುಂದಿನ ಮ್ಯಾಚ್‌ಗಳಿಂದ ಹೊರಗಿಡುವವರೆಗೂ ಅದರ ಪರಿಣಾಮ ಹೋಗಬಹುದು.

ಬದಲಾಯಿಸಲು ಇರುವ ದಾರಿಗಳು ಯಾವುವು?

ಮೊದಲನೆಯದು ಮತ್ತೆ ಮ್ಯಾಚ್‌ಗೆ ಕೂರುವುದು. ಅರ್ಜಿಗಳು ಸೆಪ್ಟೆಂಬರ್‌ನಲ್ಲಿ ಹೋಗುತ್ತವೆ, ಸಂದರ್ಶನಗಳು ಅಕ್ಟೋಬರ್‌ನಿಂದ ಜನವರಿಯವರೆಗೆ ನಡೆಯುತ್ತವೆ, ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಫಲಿತಾಂಶ ಬರುತ್ತದೆ. ಇಂಟರ್ನ್ ವರ್ಷ ಮುಗಿದೊಡನೆ ಹೊಸ ವಿಭಾಗಕ್ಕೆ ಸೇರಬೇಕಾದರೆ, ಇಂಟರ್ನ್ ಆಗಿ ಎರಡೂವರೆ ತಿಂಗಳಾಗುವಷ್ಟರಲ್ಲಿ ಅರ್ಜಿ ಸಿದ್ಧವಿರಬೇಕು ಎಂಬುದು ಈ ದಾರಿಯ ವಿಪರ್ಯಾಸ. ನಿರ್ಧಾರ ಇನ್ನೂ ಮಾಗಿರುವುದಿಲ್ಲ, ಅರ್ಜಿಯ ಗಡುವು ಮಾತ್ರ ಬಂದಿರುತ್ತದೆ. ಮ್ಯಾಚ್‌ನಲ್ಲಿ ‘ಫಿಸಿಷಿಯನ್’ ಸ್ಥಾನಗಳೆಂಬ ವರ್ಗವೊಂದಿದೆ. ಪಟ್ಟಿಗಳಲ್ಲಿ ‘ಆರ್’ ಅಕ್ಷರದಿಂದ ಗುರುತಿಸುವ ಇವುಗಳನ್ನು ಆಗಲೇ ರೆಸಿಡೆನ್ಸಿಯ ಅನುಭವವಿರುವ ವೈದ್ಯರಿಗಾಗಿಯೇ ಮೀಸಲಿಟ್ಟಿರುತ್ತಾರೆ ಮತ್ತು ಇವು ಅದೇ ವರ್ಷದ ಜುಲೈಯಲ್ಲಿ ಎರಡನೆಯ ವರ್ಷದ ಮಟ್ಟದಿಂದ ಆರಂಭವಾಗುತ್ತವೆ. ಅನಸ್ತೇಷಿಯಾ, ರೇಡಿಯಾಲಜಿ, ನ್ಯೂರಾಲಜಿಯ ಕಡೆಗೆ ಹೊರಟವರು ಮೊದಲು ಇವುಗಳನ್ನೇ ಹುಡುಕಬೇಕು. ‘ಅಡ್ವಾನ್ಸ್‌ಡ್’ ಸ್ಥಾನಗಳಾದರೋ ಫಲಿತಾಂಶ ಬಂದ ಮರುವರ್ಷದ ಜುಲೈಯಲ್ಲಿ ಶುರುವಾಗುವುದರಿಂದ ನಡುವೆ ಒಂದು ವರ್ಷ ಖಾಲಿ ಬೀಳುತ್ತದೆ, ಮತ್ತು ವೀಸಾದಲ್ಲಿರುವವರಿಗೆ ಖಾಲಿ ವರ್ಷವೆಂಬುದು ಕೈಗೆಟುಕದ ಐಷಾರಾಮ.

ಎರಡನೆಯದು ಮ್ಯಾಚ್‌ನ ಹೊರಗೆ ಖಾಲಿಯಾಗುವ ಪಿಜಿವೈ-2 ಸ್ಥಾನಗಳು. ಯಾರೋ ಬಿಟ್ಟುಹೋದದ್ದರಿಂದ ಅಥವಾ ಹೊಸದಾಗಿ ಮಂಜೂರಾದದ್ದರಿಂದ ಇವು ವರ್ಷದ ಯಾವ ತಿಂಗಳಲ್ಲಾದರೂ ತೆರೆದುಕೊಳ್ಳಬಹುದು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಫ್ರೀಡಾ ಪಟ್ಟಿಯಲ್ಲಿ ಮತ್ತು ಆಯಾ ವಿಭಾಗದ ಸಂಘಗಳ ಪ್ರಕಟಣೆಗಳಲ್ಲಿ ಕಾಣಸಿಗುತ್ತವೆ. ಮೂರನೆಯದು ನೀವಿರುವ ಆಸ್ಪತ್ರೆಯಲ್ಲಿಯೇ ಪಕ್ಕದ ವಿಭಾಗಕ್ಕೆ ಹೋಗುವುದು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ ಇದೇ, ಏಕೆಂದರೆ ಅಲ್ಲಿಯ ವೈದ್ಯರು ರಾತ್ರಿ ಎರಡು ಗಂಟೆಗೆ ನಿಮ್ಮ ಕನ್ಸಲ್ಟ್ ಕರೆಗಳನ್ನು ಕೇಳಿರುತ್ತಾರೆ. ನೀವು ಎಂಥವರೆಂಬುದನ್ನು ತಿಳಿಯಲು ಅವರಿಗೆ ಅರ್ಜಿ ಬೇಕಾಗುವುದಿಲ್ಲ.

ಮಾಡಿದ ಒಂದು ವರ್ಷ ಲೆಕ್ಕಕ್ಕೆ ಬರುತ್ತದೆಯೇ?

ಅದು ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಅವಲಂಬಿಸಿದೆ, ಮತ್ತು ಅದನ್ನು ನಿರ್ಧರಿಸುವುದು ಹೊಸ ಪ್ರೋಗ್ರಾಂ ಒಂದೇ ಅಲ್ಲ, ಆ ವಿಭಾಗದ ಪ್ರಮಾಣಪತ್ರ ಕೊಡುವ ಬೋರ್ಡ್ ಕೂಡ. ಅನಸ್ತೇಷಿಯಾಕ್ಕೆ 12 ತಿಂಗಳ ಕ್ಲಿನಿಕಲ್ ಬುನಾದಿಯ ವರ್ಷವೂ ಮೂರು ವರ್ಷಗಳ ಅನಸ್ತೇಷಿಯಾ ತರಬೇತಿಯೂ ಬೇಕು. ರೇಡಿಯಾಲಜಿಗೆ ಒಂದು ಕ್ಲಿನಿಕಲ್ ವರ್ಷ ಮತ್ತು ನಾಲ್ಕು ವರ್ಷಗಳ ರೇಡಿಯಾಲಜಿ ಇರಬೇಕು. ನ್ಯೂರಾಲಜಿ, ಚರ್ಮರೋಗ, ಪುನಶ್ಚೇತನ ವೈದ್ಯಕೀಯಗಳಿಗೆ ಒಂದರ ಮೇಲೆ ಮೂರು. ಇಂಟರ್ನಲ್ ಮೆಡಿಸಿನ್‌ನಲ್ಲಿ ಮುಗಿಸಿದ ಇಂಟರ್ನ್ ವರ್ಷ ಇವುಗಳಲ್ಲಿ ಬಹುತೇಕ ಕಡೆ ವ್ಯರ್ಥವಾಗುವುದಿಲ್ಲ. ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಿಂದ ಮನೋವೈದ್ಯಕೀಯಕ್ಕೆ ಹೋಗುವವರೂ ಎರಡನೆಯ ವರ್ಷಕ್ಕೆ ಸೇರುವುದುಂಟು, ಆದರೆ ಮನೋವೈದ್ಯಕೀಯ ತರಬೇತಿಗೆ ಬೇಕಾದ ನ್ಯೂರಾಲಜಿಯ ಎರಡು ತಿಂಗಳು ಬಾಕಿಯಿದ್ದರೆ ಅದನ್ನು ಮುಂದೆ ತುಂಬಿಕೊಡಬೇಕಾಗುತ್ತದೆ.

ಮೆಡಿಸಿನ್‌ನಿಂದ ಜನರಲ್ ಸರ್ಜರಿಗೋ ಪ್ರಸೂತಿ ವಿಭಾಗಕ್ಕೋ ಹೊರಟರೆ ಮಾತ್ರ ಮೊದಲಿನಿಂದ ಆರಂಭಿಸುವುದಕ್ಕೆ ಸಿದ್ಧರಾಗಿರಿ. ‘ನಿಮ್ಮ ವರ್ಷಕ್ಕೆ ಪೂರ್ತಿ ಕ್ರೆಡಿಟ್ ಕೊಡುತ್ತೇವೆ’ ಎಂದು ಸಂದರ್ಶನದಲ್ಲಿ ಯಾರಾದರೂ ಹೇಳಿದರೆ ಸಂತೋಷಪಡಿ. ಆದರೆ ಬೋರ್ಡಿನ ಒಪ್ಪಿಗೆ ಬರಹದಲ್ಲಿ ಬರುವವರೆಗೆ ಅದನ್ನು ನೆಚ್ಚಿ ಯಾವ ನಿರ್ಧಾರವನ್ನೂ ಮಾಡಬೇಡಿ.

‘ನಿಮಗೆ ಫಂಡಿಂಗ್ ಎಷ್ಟು ವರ್ಷ ಉಳಿದಿದೆ?’ ಎಂದು ಕೇಳುತ್ತಾರೆ. ಇದರ ಅರ್ಥವೇನು?

ಅಮೆರಿಕದಲ್ಲಿ ರೆಸಿಡೆಂಟರ ತರಬೇತಿಯ ವೆಚ್ಚದ ದೊಡ್ಡ ಪಾಲನ್ನು ಆಸ್ಪತ್ರೆಗಳಿಗೆ ಕೊಡುವುದು ಮೆಡಿಕೇರ್, ಅಂದರೆ ಮುಖ್ಯವಾಗಿ 65 ವರ್ಷ ದಾಟಿದವರಿಗಾಗಿ ಇರುವ ಸರ್ಕಾರಿ ವಿಮೆ. ನೀವು ಮೊದಲು ಯಾವ ವಿಭಾಗಕ್ಕೆ ಸೇರಿದಿರೋ ಆ ವಿಭಾಗದ ಬೋರ್ಡ್ ಅರ್ಹತೆಗೆ ಬೇಕಾದ ಕನಿಷ್ಠ ವರ್ಷಗಳನ್ನು ನಿಮ್ಮ ‘ಆರಂಭಿಕ ರೆಸಿಡೆನ್ಸಿ ಅವಧಿ’ ಎಂದು ಅದು ಗುರುತು ಹಾಕಿಕೊಳ್ಳುತ್ತದೆ. ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗಗಳಿಗೆ ಈ ಅವಧಿ 3 ವರ್ಷ, ಮನೋವೈದ್ಯಕೀಯಕ್ಕೆ 4, ಜನರಲ್ ಸರ್ಜರಿಗೆ 5, ಮತ್ತು 5ಕ್ಕಿಂತ ಹೆಚ್ಚು ಯಾರಿಗೂ ಇಲ್ಲ. ಆ ಅವಧಿಯೊಳಗೆ ತರಬೇತಿಯ ನೇರ ವೆಚ್ಚದ ಲೆಕ್ಕದಲ್ಲಿ ನೀವು ಪೂರ್ತಿ ಒಬ್ಬ ರೆಸಿಡೆಂಟ್. ಅದು ದಾಟಿದ ಮೇಲೆ ಅರ್ಧ ರೆಸಿಡೆಂಟ್. ಪರೋಕ್ಷ ವೆಚ್ಚವೆಂದು ಕೊಡುವ ಇನ್ನೊಂದು ಬಾಬ್ತಿನಲ್ಲಿ ಈ ಕಡಿತವಿಲ್ಲ.

ಲೆಕ್ಕ ಹಾಕಿ ನೋಡಿ. ಮೆಡಿಸಿನ್‌ನಲ್ಲಿ ಒಂದು ವರ್ಷ ಮಾಡಿ, ಆ ವರ್ಷವನ್ನು ಉಳಿಸಿಕೊಂಡು ಅನಸ್ತೇಷಿಯಾಕ್ಕೆ ಹೋದವರ ಒಟ್ಟು ತರಬೇತಿ 4 ವರ್ಷ, ಅವಧಿ 3 ವರ್ಷ; ಆಸ್ಪತ್ರೆಗೆ ಅರ್ಧ ಹಣ ಬರುವುದು ಕೊನೆಯ ಒಂದು ವರ್ಷಕ್ಕೆ ಮಾತ್ರ. ಅದೇ ವ್ಯಕ್ತಿ ಜನರಲ್ ಸರ್ಜರಿಯನ್ನು ಮೊದಲಿನಿಂದ ಆರಂಭಿಸಿದರೆ ಒಟ್ಟು 6 ವರ್ಷಗಳಾಗಿ, ಕೊನೆಯ ಮೂರು ವರ್ಷಗಳು ಅರ್ಧ ಹಣದವು. ದಿಕ್ಕು ತಿರುವುಮುರುವಾದರೆ ಚಿತ್ರವೇ ಬದಲಾಗುತ್ತದೆ: ಸರ್ಜರಿಯಲ್ಲಿ ಒಂದು ವರ್ಷ ಕಳೆದು ಮೆಡಿಸಿನ್‌ನ ಮೂರು ವರ್ಷಗಳನ್ನು ಮೊದಲಿನಿಂದ ಮಾಡಿದರೂ ಒಟ್ಟು 4, ಅವಧಿ 5, ಒಂದು ಪೈಸೆಯ ಕಡಿತವೂ ಇಲ್ಲ. ಟ್ರಾನ್ಸಿಷನಲ್ ವರ್ಷ (ಹಲವು ವಿಭಾಗಗಳಲ್ಲಿ ಸುತ್ತುವ ಒಂದು ವರ್ಷದ ತರಬೇತಿ) ಮಾಡಿದವರ ಅವಧಿಯನ್ನು ಅವರು ಎರಡನೆಯ ವರ್ಷ ಸೇರುವ ವಿಭಾಗದ ಮೇಲೆ ನಿರ್ಧರಿಸುವುದರಿಂದ ಈ ವಿಷಯದಲ್ಲಿ ಅವರು ಅದೃಷ್ಟವಂತರು.

1997ರ ಕಾಯಿದೆ ಮೆಡಿಕೇರ್ ಹಣ ಕೊಡುವ ರೆಸಿಡೆಂಟರ ಸಂಖ್ಯೆಗೇ ಆಸ್ಪತ್ರೆವಾರು ಮಿತಿ ಹಾಕಿದ ಮೇಲೆ ಆಸ್ಪತ್ರೆಗಳು ಈ ಲೆಕ್ಕದಲ್ಲಿ ಇನ್ನಷ್ಟು ಬಿಗಿಯಾಗಿವೆ. ಹಾಗೆಂದು ಅರ್ಧ ಹಣದ ಒಂದು ವರ್ಷ ಒಳ್ಳೆಯ ಅಭ್ಯರ್ಥಿಯ ಬಾಗಿಲನ್ನು ಮುಚ್ಚಿಬಿಡುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಪ್ರಶ್ನೆ ಬಂದಾಗ ತಡವರಿಸದೆ ‘ನನಗೆ ಇಷ್ಟು ವರ್ಷ ಉಳಿದಿದೆ, ಇಷ್ಟು ಕೊರತೆ ಬೀಳುತ್ತದೆ’ ಎಂದು ಹೇಳುವವರ ಮೇಲೆ ಡೈರೆಕ್ಟರುಗಳಿಗೆ ನಂಬಿಕೆ ಹುಟ್ಟುತ್ತದೆ.

ನಾನು ಜೆ-1 ವೀಸಾದಲ್ಲಿದ್ದೇನೆ. ನನಗೆ ಅವಕಾಶವಿದೆಯೇ?

ಜೆ-1 ಎಂದರೆ ತರಬೇತಿಗಾಗಿ ಬರುವವರ ವಿನಿಮಯ ವೀಸಾ. ಅದರಲ್ಲಿ ಅವಕಾಶ ಇದೆ, ಒಂದೇ ಒಂದು ಸಲ, ಮತ್ತು ಜೆ-1 ಸ್ಥಾನಮಾನ ದೊರೆತ ದಿನದಿಂದ ಎರಡು ವರ್ಷಗಳ ಒಳಗೆ ಮಾತ್ರ. ಇದು ಆಸ್ಪತ್ರೆಯ ನೀತಿಯಲ್ಲ, ಅಮೆರಿಕದ ವಲಸೆ ಕಾನೂನಿನಲ್ಲಿಯೇ ಬರೆದಿರುವ ಮಾತು. ವೈದ್ಯರ ಜೆ-1ಗೆ ಪ್ರಾಯೋಜಕ ಸಂಸ್ಥೆ ಇಸಿಎಫ್‌ಎಂಜಿ ಆಗಿರುವುದರಿಂದ ಅದರ ಒಪ್ಪಿಗೆಯಿಲ್ಲದೆ ಹೊಸ ವಿಭಾಗದಲ್ಲಿ ಒಂದು ದಿನವೂ ಕೆಲಸ ಮಾಡುವಂತಿಲ್ಲ.

ಎರಡು ವರ್ಷವೆಂದರೆ ಸಾಕಷ್ಟಾಯಿತು ಎನಿಸಬಹುದು, ಆದರೆ ಮ್ಯಾಚ್‌ನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಅದು ಎಷ್ಟು ಕಿರಿದೆಂದು ತಿಳಿಯುತ್ತದೆ. ಇಂಟರ್ನ್ ವರ್ಷದ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದವರು ಒಂದು ವರ್ಷ ತುಂಬುವ ಹೊತ್ತಿಗೆ ಹೊಸ ಕಡೆ ಸೇರುತ್ತಾರೆ, ತೊಂದರೆಯಿಲ್ಲ. ಎರಡನೆಯ ವರ್ಷದ ಸೆಪ್ಟೆಂಬರ್‌ವರೆಗೆ ಕಾದವರು ಸೇರುವುದು ಎರಡು ವರ್ಷ ತುಂಬಿದ ಜುಲೈಯಲ್ಲಿ. ಜೂನ್‌ನಲ್ಲಿಯೇ ಬಂದಿಳಿದವರಿಗೆ ಆ ವೇಳೆಗೆ ಗಡುವು ಕೆಲವೇ ದಿನಗಳಿಂದ ತಪ್ಪಿಹೋಗಿರಬಹುದು. ಆದ್ದರಿಂದ ನಿಮ್ಮ ಆಸ್ಪತ್ರೆಯಲ್ಲಿ ಇಸಿಎಫ್‌ಎಂಜಿಯೊಂದಿಗೆ ವ್ಯವಹರಿಸುವ ಟಿಪಿಎಲ್ ಅಧಿಕಾರಿಯ ಬಳಿ ಕುಳಿತು ದಿನಾಂಕಗಳನ್ನು ಲೆಕ್ಕ ಹಾಕಿಸುವುದು ಅರ್ಜಿಗಿಂತಲೂ ಮೊದಲ ಕೆಲಸ.

ಒಟ್ಟು ತರಬೇತಿಗೆ ಸಾಮಾನ್ಯವಾಗಿ 7 ವರ್ಷಗಳ ಮಿತಿಯಿದೆ ಎಂಬುದನ್ನೂ ಮರೆಯಬಾರದು. ಮೆಡಿಸಿನ್‌ನಲ್ಲಿ ಒಂದು, ಸರ್ಜರಿಯಲ್ಲಿ ಐದು ಎಂದಾದರೆ ಫೆಲೋಶಿಪ್‌ಗೆ, ಅಂದರೆ ರೆಸಿಡೆನ್ಸಿಯ ನಂತರದ ಉಪವಿಭಾಗದ ತರಬೇತಿಗೆ ಉಳಿಯುವುದು ಒಂದೇ ವರ್ಷ. ಇದಲ್ಲದೆ ದೆಹಲಿಯ ಕೇಂದ್ರ ಆರೋಗ್ಯ ಸಚಿವಾಲಯದಿಂದ ಪಡೆದಿದ್ದ ‘ಸ್ಟೇಟ್‌ಮೆಂಟ್ ಆಫ್ ನೀಡ್’ (ಈ ವಿಭಾಗದ ವೈದ್ಯರು ದೇಶಕ್ಕೆ ಬೇಕೆಂಬ) ಪತ್ರ ಹಳೆಯ ವಿಭಾಗದ ಹೆಸರಿನಲ್ಲಿರುತ್ತದೆ. ಹೊಸ ವಿಭಾಗಕ್ಕೆ ಹೊಸ ಪತ್ರ ಬೇಕು. ಮಾರ್ಚ್‌ನಲ್ಲಿ ಫಲಿತಾಂಶ ಬಂದು ಜುಲೈಯಲ್ಲಿ ಸೇರಬೇಕಾದವರು ಈ ಕಾಗದಕ್ಕಾಗಿ ಏಪ್ರಿಲ್ ಕಳೆಯುವವರೆಗೆ ಕಾಯಬಾರದು. ತರಬೇತಿಯ ನಂತರ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬ ಜೆ-1 ಷರತ್ತು ವಿಭಾಗ ಬದಲಾದರೂ ಹಾಗೆಯೇ ಉಳಿಯುತ್ತದೆ.

ಎಚ್-1ಬಿ ಆದರೆ?

ಎರಡು ವರ್ಷದ ನಿಯಮ ಅನ್ವಯಿಸುವುದಿಲ್ಲ, ಆದರೆ ಒಟ್ಟು ಮಿತಿ ಸಾಮಾನ್ಯವಾಗಿ 6 ವರ್ಷ. ಈ ವೀಸಾ ಉದ್ಯೋಗದಾತರಿಗೆ ಕಟ್ಟುಬಿದ್ದಿರುವುದರಿಂದ ಹೊಸ ಆಸ್ಪತ್ರೆ ಹೊಸ ಅರ್ಜಿ ಸಲ್ಲಿಸಬೇಕು, ಮತ್ತು ಎಲ್ಲ ಪ್ರೋಗ್ರಾಂಗಳೂ ಎಚ್-1ಬಿ ಕೊಡುವುದಿಲ್ಲ. ಮೊದಲ ಸಂದರ್ಶನದಲ್ಲಿಯೇ ಕೇಳಿ.

ಪ್ರೋಗ್ರಾಂ ಡೈರೆಕ್ಟರ್‌ಗೆ ಯಾವಾಗ ಹೇಳಬೇಕು? ಗುಟ್ಟಾಗಿ ಅರ್ಜಿ ಹಾಕಬಾರದೇ?

ಗುಟ್ಟು ಉಳಿಯುವುದಿಲ್ಲ. ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ ನಿಯಮದ ಪ್ರಕಾರ, ಬೇರೆಡೆಯಿಂದ ವರ್ಗವಾಗಿ ಬರುವ ರೆಸಿಡೆಂಟನ್ನು ಒಪ್ಪಿಕೊಳ್ಳುವ ಮೊದಲು ಹೊಸ ಪ್ರೋಗ್ರಾಂ ಹಿಂದಿನ ತರಬೇತಿಯ ದೃಢೀಕರಣವನ್ನೂ ಕಾರ್ಯಕ್ಷಮತೆಯ ಮೌಲ್ಯಮಾಪನವನ್ನೂ ಪಡೆಯಲೇಬೇಕು. ಅಂದರೆ ಇಂದಲ್ಲ ನಾಳೆ ನಿಮ್ಮ ಡೈರೆಕ್ಟರ್‌ಗೆ ಕರೆ ಹೋಗಿಯೇ ಹೋಗುತ್ತದೆ. ಆ ಕರೆಯಿಂದ ಅವರಿಗೆ ವಿಷಯ ಮೊದಲು ತಿಳಿಯುವುದು ಎಲ್ಲಕ್ಕಿಂತ ಕೆಟ್ಟ ಸನ್ನಿವೇಶ, ಏಕೆಂದರೆ ಆ ಕ್ಷಣದಲ್ಲಿ ಅವರು ಉತ್ತರಿಸುವುದು ನಿಮ್ಮ ಕೆಲಸದ ಬಗ್ಗೆ ಅಲ್ಲ, ತಮಗಾದ ಮುಜುಗರದ ಬಗ್ಗೆ.

ನನ್ನ ಸಲಹೆ ಇಷ್ಟು. ಮೊದಲು ಹೋಗಬೇಕೆಂದಿರುವ ವಿಭಾಗದ ಒಬ್ಬಿಬ್ಬರು ಹಿರಿಯರೊಂದಿಗೆ ಮಾತಾಡಿ, ಸಾಧ್ಯವಾದರೆ ಇಲೆಕ್ಟಿವ್ ತೆಗೆದುಕೊಂಡು ಅಲ್ಲಿ ಎರಡು ವಾರ ಕೆಲಸ ಮಾಡಿ. ನಿರ್ಧಾರ ಗಟ್ಟಿಯಾದ ಮೇಲೆ, ಅರ್ಜಿ ಹೊರಡುವ ಮುನ್ನ, ಡೈರೆಕ್ಟರ್ ಬಳಿ ಸಮಯ ಕೇಳಿ ಹೋಗಿ ಹೇಳಿ. ಹೇಳುವಾಗ ಈಗಿನ ವಿಭಾಗವನ್ನು ದೂರುವ ಅಗತ್ಯವಿಲ್ಲ. ಇಂಟರ್ನ್ ವರ್ಷವನ್ನು ಅರ್ಧಕ್ಕೆ ಬಿಡುವುದಿಲ್ಲ, ಪಾಳಿಗಳಲ್ಲಿ ಸಡಿಲವಾಗುವುದಿಲ್ಲ, ನನ್ನ ಜಾಗವನ್ನು ತುಂಬಲು ನಿಮಗೆ ಸಮಯ ಸಿಗುವಂತೆ ಈಗಲೇ ತಿಳಿಸುತ್ತಿದ್ದೇನೆ ಎಂಬ ಮೂರು ಮಾತುಗಳೇ ಅವರು ಕೇಳಬಯಸುವಂಥವು. ನಮ್ಮ ಕಾಲೇಜುಗಳಲ್ಲಿ ಎಚ್‌ಒಡಿ ಎದುರು ನಿಂತು ಮಾತಾಡಲು ಹೆದರುತ್ತಿದ್ದವರು ಆ ಹೆದರಿಕೆಯನ್ನು ಇಲ್ಲಿಗೂ ಹೊತ್ತು ತಂದು ತಿಂಗಳುಗಟ್ಟಲೆ ಮುಂದೂಡುವುದನ್ನು ನೋಡಿದ್ದೇನೆ. ಬಹುಪಾಲು ಡೈರೆಕ್ಟರುಗಳು ಈ ಮಾತನ್ನು ಹಿಂದೆಯೂ ಕೇಳಿರುತ್ತಾರೆ.

ಅವರು ಸಿಟ್ಟಾಗಿ ಪತ್ರ ಕೊಡಲು ಒಪ್ಪದಿದ್ದರೆ?

ಮಾನ್ಯತೆ ಪಡೆದ ಪ್ರತಿ ಸಂಸ್ಥೆಯಲ್ಲಿಯೂ ಎಲ್ಲ ರೆಸಿಡೆನ್ಸಿಗಳ ಮೇಲ್ವಿಚಾರಣೆಗೆ ಡಿಐಒ ಎಂಬ ಅಧಿಕಾರಿ ಇರುತ್ತಾರೆ. ಸ್ನಾತಕೋತ್ತರ ತರಬೇತಿಯನ್ನು ನೋಡಿಕೊಳ್ಳುವ ಜಿಎಂಇ ಕಚೇರಿಯ ಮೂಲಕ ಅವರನ್ನು ಕಾಣಬಹುದು. ಹೊಗಳಿಕೆಯ ಪತ್ರ ಬರೆಯುವಂತೆ ಯಾರನ್ನೂ ಒತ್ತಾಯಿಸಲಾಗುವುದಿಲ್ಲ, ಆದರೆ ಮಾಡಿದ ತರಬೇತಿಯ ದೃಢೀಕರಣವನ್ನು ತಡೆಹಿಡಿಯುವುದು ಬೇರೆ ವಿಷಯ. ವಾರ್ಡಿನಲ್ಲಿ ನಿಮ್ಮನ್ನು ಹತ್ತಿರದಿಂದ ನೋಡಿದ ಅಟೆಂಡಿಂಗ್‌ಗಳ ಎರಡು ಬಲವಾದ ಪತ್ರಗಳಿದ್ದರೆ ಡೈರೆಕ್ಟರ್‌ನ ನೀರಸ ಪತ್ರ ಅಷ್ಟು ಹಾನಿ ಮಾಡುವುದಿಲ್ಲ.

ನನ್ನದು ಸರ್ಜರಿಯ ಪ್ರಿಲಿಮಿನರಿ ವರ್ಷ ಮಾತ್ರ. ಮುಂದೆ ಏನೂ ಇಲ್ಲ. ನನಗೂ ಇದೇ ಉತ್ತರಗಳು ಅನ್ವಯಿಸುತ್ತವೆಯೇ?

ಪೂರ್ತಿ ಅಲ್ಲ. ನಿಮ್ಮ ಕರಾರು ಜೂನ್ 30ಕ್ಕೆ ಮುಗಿಯುತ್ತದೆ, ಆದ್ದರಿಂದ ನಿಮ್ಮದು ಬದಲಾವಣೆಯಲ್ಲ, ಹುಡುಕಾಟ. ಸರ್ಜರಿಯ ಆಸೆಯಿಂದ ಇಂಥ ಸ್ಥಾನಕ್ಕೆ ಸೇರುವ ವಿದೇಶಿ ಪದವೀಧರರಲ್ಲಿ ನಮ್ಮವರೂ ಇದ್ದಾರೆ, ಮತ್ತು ಇದರ ಕಷ್ಟವನ್ನು ಅವರಿಗೆ ಮೊದಲೇ ಯಾರೂ ನೇರವಾಗಿ ಹೇಳಿರುವುದಿಲ್ಲ. ಪ್ರಿಲಿಮಿನರಿ ಇಂಟರ್ನ್ ಎಷ್ಟೇ ಚೆನ್ನಾಗಿ ದುಡಿದರೂ ಅದೇ ಆಸ್ಪತ್ರೆಯಲ್ಲಿ ಎರಡನೆಯ ವರ್ಷದ ಕಾಯಂ ಸ್ಥಾನ ಖಾಲಿಯಾದರೆ ಮಾತ್ರ ಒಳಗೆ ಹೋಗಲು ಸಾಧ್ಯ. ಸೇರಿದ ಜುಲೈಯಿಂದಲೇ ಎರಡು ಅರ್ಜಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಒಂದು ಸರ್ಜರಿಗೆ, ಇನ್ನೊಂದು ನೀವು ನಿಜವಾಗಿ ಮಾಡಲು ಒಪ್ಪುವ ಬೇರೆ ವಿಭಾಗಕ್ಕೆ. ಒಂದು ಸಮಾಧಾನವೆಂದರೆ ನಿಮ್ಮ ಮೆಡಿಕೇರ್ ಅವಧಿ 5 ವರ್ಷದ್ದಾಗಿರುವುದರಿಂದ ಮೂರು ಅಥವಾ ನಾಲ್ಕು ವರ್ಷದ ಯಾವ ವಿಭಾಗಕ್ಕೆ ಹೋದರೂ ಹಣದ ಕೊರತೆ ಬೀಳುವುದಿಲ್ಲ. ಅರ್ಜಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಯುಎಸ್‌ಎಂಎಲ್‌ಇ ಅಂಕಗಳನ್ನು ಉತ್ತಮಪಡಿಸಿಕೊಳ್ಳಬಹುದೇ?

ಯುಎಸ್‌ಎಂಎಲ್‌ಇ ಎಂಬುದು ಅಮೆರಿಕದ ವೈದ್ಯ ಪರವಾನಗಿಯ ಪರೀಕ್ಷೆ, ಅದರ ಹಂತಗಳೇ ‘ಸ್ಟೆಪ್’ಗಳು. ಪಾಸಾದ ಹಂತವನ್ನು ಅಂಕಕ್ಕಾಗಿ ಮತ್ತೆ ಬರೆಯುವಂತಿಲ್ಲ. 2022ರ ಜನವರಿ ಕೊನೆಯಿಂದ ಸ್ಟೆಪ್ 1ಕ್ಕೆ ಅಂಕವೇ ಇಲ್ಲ. ನಿಮ್ಮ ಕೈಯಲ್ಲಿ ಉಳಿದಿರುವುದು ಸ್ಟೆಪ್ 3; ಇಂಟರ್ನ್ ವರ್ಷದಲ್ಲಿಯೇ ಅದನ್ನು ಮುಗಿಸಿಕೊಂಡರೆ ಎಚ್-1ಬಿಗೂ ಅನುಕೂಲ.

ಸಂದರ್ಶನದಲ್ಲಿ ‘ಏಕೆ ಬಿಡುತ್ತಿದ್ದೀರಿ?’ ಎಂದಾಗ ಏನು ಹೇಳುವುದು?

ಬಿಡುವುದರ ಬಗ್ಗೆ ಎರಡು ವಾಕ್ಯ, ಹೋಗುವುದರ ಬಗ್ಗೆ ಉಳಿದೆಲ್ಲ. ಕೇಳುವವರ ಮನಸ್ಸಿನಲ್ಲಿರುವ ಅಳುಕು ಒಂದೇ: ಇವರು ನಮ್ಮನ್ನೂ ಬಿಟ್ಟುಹೋದಾರೆಯೇ? ಮೆಡಿಸಿನ್ ವಾರ್ಡಿನ ಯಾವ ರೋಗಿಯ ಹಾಸಿಗೆಯ ಬಳಿ ನಿಮಗೆ ಮನೋವೈದ್ಯಕೀಯದ ಕಡೆಗೆ ಮನಸ್ಸು ಹರಿಯಿತು ಎಂಬುದನ್ನು ಹೆಸರು-ಗುರುತು ಬಿಟ್ಟುಕೊಡದೆ ಹೇಳಬಲ್ಲಿರಾದರೆ ಆ ಅಳುಕು ಕಡಿಮೆಯಾಗುತ್ತದೆ. ‘ಜೀವನಶೈಲಿ’ ಎಂಬ ಪದವನ್ನು ಬಳಸದಿರುವುದು ಕ್ಷೇಮ.

ಮನೆಯವರು ಒಪ್ಪುತ್ತಿಲ್ಲ. ಅವರಿಗೆ ಹೇಗೆ ತಿಳಿಸಿ ಹೇಳುವುದು?

‘ಸಿಕ್ಕಿದ್ದೇ ಪುಣ್ಯ, ಅದನ್ನೂ ಬಿಡುತ್ತೀಯಾ?’ ಎನ್ನುವ ತಾಯಿ-ತಂದೆಯರ ಭಯ ಅಕಾರಣವಲ್ಲ. ಅವರು ಕಂಡಿರುವ ಜಗತ್ತಿನಲ್ಲಿ ಬಿಟ್ಟ ಸೀಟು ಮರಳಿ ಬಂದದ್ದಿಲ್ಲ. ಅವರಿಗೆ ಮ್ಯಾಚ್‌ನ ಸೂಕ್ಷ್ಮಗಳು ಬೇಕಿಲ್ಲ. ಹೊಸ ಸ್ಥಾನ ಬರಹದಲ್ಲಿ ಖಚಿತವಾಗುವವರೆಗೆ ಹಳೆಯದನ್ನು ಬಿಡುವುದಿಲ್ಲ ಎಂಬ ಒಂದು ಮಾತು ಬೇಕು, ಮತ್ತು ಆ ಮಾತಿಗೆ ನೀವು ನಿಜವಾಗಿಯೂ ಬದ್ಧರಾಗಿರಬೇಕು.

ಯಾವುದೂ ಕೈಗೂಡದೆ ಊರಿಗೆ ಮರಳಿದರೆ ಆ ವರ್ಷಕ್ಕೆ ಬೆಲೆಯಿದೆಯೇ?

ಅನುಭವವಾಗಿ ಇದೆ, ಅರ್ಹತೆಯಾಗಿ ಇಲ್ಲ. ಅಮೆರಿಕದ ಪೂರ್ಣಗೊಂಡ ಸ್ನಾತಕೋತ್ತರ ಅರ್ಹತೆಗೆ ಭಾರತದಲ್ಲಿ ಮಾನ್ಯತೆಯಿದೆ. ಒಂದು ವರ್ಷದ ಇಂಟರ್ನ್ ತರಬೇತಿ ಎಂಡಿಗೆ ಸಮನಾಗುವುದಿಲ್ಲ.

ಹಳೆಯ ಪ್ರೋಗ್ರಾಂ ಬಿಡುವ ಮೊದಲು ಯಾವ ಕಾಗದಗಳನ್ನು ಪಡೆದುಕೊಳ್ಳಬೇಕು?

ಮೊದಲ ವರ್ಷ ಯಶಸ್ವಿಯಾಗಿ ಮುಗಿದಿದೆ ಎಂಬ ಸಹಿ ಹಾಕಿದ ಪ್ರಮಾಣಪತ್ರ, ಮೈಲ್‌ಸ್ಟೋನ್ಸ್ ಎಂಬ ಪ್ರಗತಿ ಮೌಲ್ಯಮಾಪನದ ಪ್ರತಿ, ಮಾಡಿದ ಪ್ರೊಸೀಜರುಗಳ ದಾಖಲೆ ಇವಿಷ್ಟನ್ನು ಕೇಳಿ ಪಡೆಯಿರಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಯಾವ ತಿಂಗಳು ಯಾವ ರೊಟೇಷನ್‌ನಲ್ಲಿದ್ದಿರಿ ಎಂಬ ಪಟ್ಟಿ, ಏಕೆಂದರೆ ಬೋರ್ಡ್ ಕ್ರೆಡಿಟ್ ಕೊಡುವಾಗ ನೋಡುವುದು ತಿಂಗಳುಗಳನ್ನು. ರಜೆ ಯಾವ ರೊಟೇಷನ್‌ನಿಂದ ಕಳೆದಿದೆ ಎಂಬುದೂ ಅದರಲ್ಲಿರಲಿ. ಆಸ್ಪತ್ರೆಯ ಇಮೇಲ್ ಖಾತೆ ಕೊನೆಯ ದಿನದ ನಂತರ ಮುಚ್ಚಿಹೋಗುವುದರಿಂದ ಇವುಗಳನ್ನು ಸ್ವಂತ ಖಾತೆಗೆ ಜೂನ್ ಮೊದಲ ವಾರದಲ್ಲಿಯೇ ತರಿಸಿಕೊಳ್ಳಿ. ರೋಗಿಗಳ ಗುರುತು ಇರುವ ಯಾವುದನ್ನೂ ಅವುಗಳ ಜೊತೆ ತರಬೇಡಿ.